ನಾಲ್ಕು ದಿನದ ಜಗಳ: ಚಿತ್ತಾ ಚುಕ್ಕಿಯ ಕಥೆ

ಅಕ್ಟೋಬರ್ ಎರಡನೇ ವಾರದಲ್ಲಿ ನವಲಗುಂದದ ಎರಿ ಹೊಲಗಳ ಕಡೆ ಹೋದರೆ ಎಲ್ಲರ ಬಾಯಲ್ಲೂ ಒಂದೇ ಮಾತು. ‘ಈ ಸಲ ಚಿತ್ತಿ ಕೈ ಕೊಡಲಿಲ್ಲಂದ್ರ ಸಾಕ್ರಿ.’ ಹುಬ್ಬಿ, ಉತ್ತರಿ ಮಳೆಗೆ ಬಿಳಿಜೋಳ ಬಿತ್ತಿದವರಿಗೆ ಚಿತ್ತಿ ಬೇಕು. ಕಡಲೆ ಬಿತ್ತುವವರಿಗಂತೂ ಅದೇ ಆಧಾರ. ಒಂದು ಹದ ಮಳೆ ಬಿದ್ದರೆ ಎರಿ ಮಣ್ಣು ಆ ತೇವವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಬೆಳೆ ಸಾಕುತ್ತದೆ. ಬೀಳದಿದ್ದರೆ ಮಣ್ಣು ಬಿರಿಯುತ್ತದೆ, ಕೈ ತೂರುವಷ್ಟು.

ಇದರಲ್ಲೊಂದು ತಮಾಷೆಯಿದೆ. ಚಿತ್ತಿ ಮಳೆ ಬೀಳುವ ದಿನಗಳಲ್ಲಿ ಚಿತ್ತಾ ಎನ್ನುವ ಚುಕ್ಕಿ ರಾತ್ರಿಯ ಆಕಾಶದಲ್ಲಿ ಇರುವುದೇ ಇಲ್ಲ. ಮಳೆಗೆ ನಕ್ಷತ್ರದ ಹೆಸರು ಬರುವುದು ಸೂರ್ಯ ಆ ನಕ್ಷತ್ರದ ಪಾಲಿನ ಆಕಾಶವನ್ನು ಹೊಕ್ಕಾಗ. ಹಾಗಾಗಿ ಅಕ್ಟೋಬರ್ 16-17ರ ಸುಮಾರಿಗೆ ಸೂರ್ಯ ಮತ್ತು ಚಿತ್ತಾ ಒಟ್ಟಿಗೇ ಮೂಡಿ ಒಟ್ಟಿಗೇ ಮುಳುಗುತ್ತವೆ. ಬೆಳಕಿನಲ್ಲಿ ಚುಕ್ಕಿ ಕಳೆದುಹೋಗುತ್ತದೆ. ಮೇ ಕೊನೆಯ ರೋಹಿಣಿಯದೂ ಇದೇ ಕಥೆ. ಅಂದರೆ ನಮ್ಮ ರೈತ ಯಾವ ಚುಕ್ಕಿಯ ಹೆಸರು ಹಿಡಿದು ಮುಗಿಲು ನೋಡುತ್ತಾನೋ ಅದನ್ನು ಆಗ ಕಾಣಲಾರ. ಅದು ಎಲ್ಲಿದೆ ಎಂದು ಅವನಿಗೆ ಹೇಳುವುದು ಪಂಚಾಂಗ. ಆ ಪಂಚಾಂಗವೇ ತಪ್ಪಿದ್ದರೆ? ಅಥವಾ ಎರಡು ಪಂಚಾಂಗ ಎರಡು ದಿನ ಹೇಳಿದರೆ?

ಸುಮಾರು ನೂರು ವರ್ಷ ಮುಂಬೈ ಪ್ರಾಂತವನ್ನು, ಅದರೊಳಗಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಜೋಯಿಸರನ್ನು ಕಾಡಿದ ಜಗಳ ಇದೇ. ಅದನ್ನು ಒಂದು ದಡ ಮುಟ್ಟಿಸಿದವರಲ್ಲಿ ಮುಖ್ಯನಾದವನು ಹುಟ್ಟಿದ್ದು ನವಲಗುಂದದಿಂದ ಸುಮಾರು 20 ಕಿ.ಮೀ. ದೂರದ ನರಗುಂದದಲ್ಲಿ.

ಜಗಳಕ್ಕೆ ಹೋಗುವ ಮೊದಲು ಹೆಸರುಗಳ ಮಾತು ಸ್ವಲ್ಪ ಆಡಬೇಕು.

ಪಂಚಾಂಗದ ಸಂಸ್ಕೃತ ಹೆಸರುಗಳು ನಮ್ಮ ಹೊಲಕ್ಕೆ ಬಂದದ್ದು ಪ್ರಾಕೃತದ ದಾರಿಯಲ್ಲಿ, ಸವೆದು, ನುಣುಪಾಗಿ. ಚಿತ್ರಾ ಚಿತ್ತಾ ಆಗಿ ಚಿತ್ತಿಯಾಯಿತು, ಮಘಾ ಮಗಿಯಾಯಿತು, ಮೃಗಶಿರಾ ಮಿರಗವಾಯಿತು. ‘ಹುಬ್ಬಿ’ ನನಗೆ ಎಲ್ಲಕ್ಕಿಂತ ಇಷ್ಟ. ಪೂರ್ವಾ ಪುಬ್ಬವಾಗಿ ಆಮೇಲೆ ಹುಬ್ಬವಾದದ್ದು. ಪಾಲು ಹಾಲಾದ ಹಾಗೆ, ಪುರ್ಬಳ್ಳಿ ಹುಬ್ಬಳ್ಳಿಯಾದ ಹಾಗೆ. ಕನ್ನಡದಲ್ಲಿ ಪಕಾರ ಹಕಾರವಾಗುತ್ತ ಬಂದದ್ದು 10ನೇ ಶತಮಾನದಿಂದ ಮುಂದಿನ ಮೂರು-ನಾಲ್ಕು ಶತಮಾನಗಳಲ್ಲಿ. ಆ ಬದಲಾವಣೆಗೆ ಸಿಕ್ಕಬೇಕಾದರೆ ಈ ಹೆಸರು ಅಷ್ಟು ಹೊತ್ತಿಗೆ ಜನರ ನಾಲಿಗೆಯ ಮೇಲೆ ಇದ್ದಿರಲೇಬೇಕು. ಅಣ್ಣಿಗೇರಿಯಲ್ಲಿ ಚಾಲುಕ್ಯ ನಾಲ್ವಡಿ ಸೋಮೇಶ್ವರ ಆಳುತ್ತಿದ್ದ ದಿನಗಳಲ್ಲೂ ಅಲ್ಲಿಯ ಒಕ್ಕಲಿಗರು ಪುಬ್ಬೆಯದೋ ಹುಬ್ಬೆಯದೋ ಮಳೆಗೆ ಕಾದಿದ್ದಾರು.

ಚಿತ್ತಾ ಚುಕ್ಕಿಗೆ ಬೇರೆ ಊರುಗಳಲ್ಲಿರುವ ಹೆಸರು ಕೇಳಿದರೆ ಎರಿ ಹೊಲದವರಿಗೆ ಸೋಜಿಗವೆನಿಸಬೇಕು. ಬ್ಯಾಬಿಲೋನಿನವರು ಆ ಭಾಗದ ಚುಕ್ಕಿಗಳನ್ನು ಕರೆದದ್ದು ‘ಅಬ್‌ಸಿನ್’ ಎಂದು. ಅರ್ಥ, ನೇಗಿಲ ಸಾಲು. ಗ್ರೀಕರು ಅದನ್ನು ಕನ್ಯೆಯ ಕೈಯಲ್ಲಿರುವ ಧಾನ್ಯದ ತೆನೆ ಎಂದರು. ಅದೇ ಲ್ಯಾಟಿನ್ನಿಗೆ ಹೋಗಿ ‘ಸ್ಪೈಕಾ’ ಆಯಿತು. ಇವತ್ತು ಜಗತ್ತಿನ ಖಗೋಳಜ್ಞರೆಲ್ಲ ಬಳಸುವುದು ಆ ತೆನೆಯ ಹೆಸರನ್ನೇ. ಅರಬರಿಗೆ ಅದು ‘ಅಲ್ ಸಿಮಾಕ್ ಅಲ್ ಅಅಝಲ್’, ಆಯುಧವಿಲ್ಲದ ಸಿಮಾಕ್. ಆಯುಧವಿರುವ ಇನ್ನೊಬ್ಬ ಸಿಮಾಕ್ ನಮ್ಮ ಸ್ವಾತಿ, ಈಟಿ ಹಿಡಿದವನು. ಚೀನೀಯರಿಗೆ ಚಿತ್ತಾ ಹಸಿರು ಡ್ರ್ಯಾಗನ್ನಿನ ಕೋಡು, ಅವರ 28 ಚಂದ್ರಮನೆಗಳಲ್ಲಿ ಮೊದಲನೆಯದು. ಅರಬರ ಪಟ್ಟಿಯಲ್ಲಿ ಅದು 14ನೆಯದು, ಅಶ್ವಿನಿಯಿಂದ ಎಣಿಸಿದರೆ ನಮ್ಮದರಲ್ಲೂ 14ನೆಯದು. ಈ ಮೂರೂ ಪಟ್ಟಿಗಳಿಗೆ ಒಂದೇ ತಾಯಿ ಇದ್ದಳೇ, ಇದ್ದರೆ ಯಾವ ದೇಶದವಳು ಎಂದು 19ನೇ ಶತಮಾನದ ಪಂಡಿತರು ಬಹಳ ಬಡಿದಾಡಿದರು. ಫ್ರಾನ್ಸಿನ ಬಿಯೋ ಚೀನಾ ಎಂದರು, ಜರ್ಮನಿಯ ವೇಬರ್ ಬ್ಯಾಬಿಲೋನಿನ ಕಡೆ ಕೈ ತೋರಿದರು. ಇನ್ನೂ ಒಮ್ಮತವಿಲ್ಲ. ನಮಗೆ ಸಂಸ್ಕೃತದಲ್ಲಿ ಚಿತ್ರಾ ಎಂದರೆ ಹೊಳೆಯುವಂಥದ್ದು, ಚೆಲುವಾದದ್ದು. ಹೊಲದ ಹೆಸರು ಕೊಟ್ಟವರು ಬೇರೆಯವರು, ಆ ಹೆಸರಿಗೆ ತಕ್ಕ ಹೊಲ ಇರುವುದು ನಮ್ಮಲ್ಲಿ.

ಈ ಹೆಸರುಗಳೆಲ್ಲ ನಮ್ಮ ನೆಲದಲ್ಲೇ ಒಂದನ್ನೊಂದು ಸಂಧಿಸಿವೆ. 1570ರಲ್ಲಿ ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ‘ನುಜೂಮ್ ಅಲ್ ಉಲೂಮ್’ ಎಂಬ ಚಿತ್ರಸಹಿತ ಜ್ಯೋತಿಷ ಗ್ರಂಥ ಸಿದ್ಧವಾಯಿತು. ಮೊದಲನೇ ಅಲಿ ಆದಿಲ್ ಶಾಹನೇ ಅದರ ಕರ್ತೃ ಎನ್ನುವ ವಿದ್ವಾಂಸರಿದ್ದಾರೆ. ಪ್ರತಿ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆಸ್ಥಾನ ಹೋಯಿತು, ಹೆಸರು ಉಳಿದವು. ಧಾರವಾಡ ಜಿಲ್ಲೆಯ ಯಾವ ಸಾಲಿಗಾದರೂ ಹೋಗಿ ಹಾಜರಿ ಪುಸ್ತಕ ತೆರೆಯಿರಿ: ರೋಹಿಣಿ, ಸ್ವಾತಿ, ರೇವತಿ, ಚಿತ್ರಾ, ಪಕ್ಕದಲ್ಲೇ ಸುರಯ್ಯಾ, ಪರವೀನ್, ಸುಹೇಲ್. ಅರಬಿಯ ಸುರಯ್ಯಾ, ಫಾರಸಿಯ ಪರವೀನ್ ಎರಡೂ ನಮ್ಮ ಕೃತ್ತಿಕೆ. ಸುಹೇಲ್ ಎಂದರೆ ಅಗಸ್ತ್ಯ. ಮಾಸ್ತರರು ದಿನಾ ಬೆಳಿಗ್ಗೆ ಅರ್ಧ ಆಕಾಶವನ್ನೇ ಕೂಗಿ ಕರೆಯುತ್ತಾರೆ.

ಇನ್ನು ಜಗಳ.

ಅದರ ಬೇರು ಇರುವುದು ಆಕಾಶದ ಒಂದು ನಿಧಾನದ ಸರಿದಾಟದಲ್ಲಿ. ಭೂಮಿಯ ಅಚ್ಚು ಬುಗುರಿಯಂತೆ ಓಲುವುದರಿಂದ ಹಗಲು-ರಾತ್ರಿ ಸಮವಾಗುವ ಸಂಪಾತ ಬಿಂದು ಚುಕ್ಕಿಗಳ ನಡುವೆ 72 ವರ್ಷಕ್ಕೆ ಸುಮಾರು ಒಂದು ಅಂಶದಷ್ಟು ಹಿಂದೆ ಜರುಗುತ್ತದೆ. ಇದೇ ಅಯನ ಚಲನೆ. ಇದು ಮನುಷ್ಯನಿಗೆ ಗೊತ್ತಾದದ್ದೂ ಚಿತ್ತಾ ಚುಕ್ಕಿಯಿಂದಲೇ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪಾರ್ಕಸ್ ಅದನ್ನು ಅಳೆದು, ಶರತ್ ಸಂಪಾತದಿಂದ ಆರು ಅಂಶ ದೂರದಲ್ಲಿ ಕಂಡ. ತನಗಿಂತ ಸುಮಾರು ಒಂದೂವರೆ ಶತಮಾನ ಹಿಂದಿನ ಟಿಮೊಖಾರಿಸ್ ಎಂಟು ಅಂಶ ಎಂದು ಬರೆದಿಟ್ಟಿದ್ದ. ಚುಕ್ಕಿ ಕದಲಿಲ್ಲ, ಅಳೆಯುವ ಗೂಟವೇ ಸರಿದಿದೆ ಎಂದು ಹಿಪಾರ್ಕಸನಿಗೆ ಹೊಳೆಯಿತು.

ನಮ್ಮ ಪಂಚಾಂಗಗಳು ನಿರಯಣ. ಅಂದರೆ ಸರಿಯುವ ಗೂಟವನ್ನು ಬಿಟ್ಟು ಚುಕ್ಕಿಯನ್ನೇ ನಂಬಿದವು. ಆದರೆ ಯಾವ ಚುಕ್ಕಿ? ಇಪ್ಪತ್ತೇಳು ನಕ್ಷತ್ರಗಳ ಚಕ್ರ ಶುರುವಾಗುವುದು ಎಲ್ಲಿಂದ? ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತವನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ. ರೇವತಿಯ ಯೋಗತಾರೆ, ಅಂದರೆ ಗುರುತಿನ ಚುಕ್ಕಿ, 359 ಅಂಶ 50 ಕಲೆಯಲ್ಲಿದೆ ಎನ್ನುತ್ತದೆ. ಅಂದರೆ ಚಕ್ರದ ಬಾಯಿ ಅಲ್ಲೇ. ಚಿತ್ತಾ 180 ಅಂಶದಲ್ಲಿದೆ ಎಂದೂ ಅನ್ನುತ್ತದೆ. ಅಂದರೆ ಚಕ್ರದ ಬಾಯಿ ಚಿತ್ತಾಕ್ಕೆ ನೇರ ಎದುರಿಗೆ. ಓದುವಾಗ ಎರಡೂ ಒಂದೇ. ಆಕಾಶದಲ್ಲಿ ಅಳೆದರೆ ಒಂದಲ್ಲ. ರೇವತಿಯಿಂದ ಚಿತ್ತಾಕ್ಕೆ 180 ಅಲ್ಲ, ಸುಮಾರು 184 ಅಂಶ. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಅಂಶ ನಡೆಯುತ್ತಾನೆ. ನಾಲ್ಕು ಅಂಶವೆಂದರೆ ನಾಲ್ಕು ದಿನ.

ಈ ಸೀಳು ಬಹಳ ಕಾಲ ಯಾರನ್ನೂ ಕಾಡಲಿಲ್ಲ. ಮಹಾರಾಷ್ಟ್ರದಲ್ಲಿ ಮತ್ತು ನಮ್ಮ ಭಾಗದಲ್ಲಿ ಜೋಯಿಸರ ಕೈಪಿಡಿಯೆಂದರೆ ಗಣೇಶ ದೈವಜ್ಞ 1520ರಲ್ಲಿ ಬರೆದ ‘ಗ್ರಹಲಾಘವ’. ತ್ರಿಕೋಣಮಿತಿಯ ಕಾಟವಿಲ್ಲದೆ ಕೂಡಿ ಕಳೆದು ಗುಣಿಸಿ ಗ್ರಹ ಹಿಡಿಯಬಹುದಾದ ಜಾಣ ಪುಸ್ತಕ. ಆದರೆ ಮುನ್ನೂರು ವರ್ಷ ದಾಟಿದ ಮೇಲೆ ಅದರ ಲೆಕ್ಕಕ್ಕೂ ಆಕಾಶಕ್ಕೂ ಅಂತರ ಬೀಳತೊಡಗಿತು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಕಂಪನಿ ಸರಕಾರ ಬಂದ ಮೇಲೆ ಇಂಗ್ಲಿಷರ ನೌಕಾ ಪಂಚಾಂಗ ಪುಣೆಯ ಕಾಲೇಜುಗಳಿಗೆ ಬಂತು. ಗ್ರಹಣ ಎಷ್ಟು ಗಂಟೆಗೆ ಹಿಡಿಯುತ್ತದೆ ಎನ್ನುವುದರಲ್ಲಿ ಮುಚ್ಚುಮರೆ ನಡೆಯುವುದಿಲ್ಲವಷ್ಟೆ. ಬೀದಿಯಲ್ಲಿ ನಿಂತವರೆಲ್ಲ ನೋಡುತ್ತಾರೆ.

ಮೊದಲು ಕೈ ಹಾಕಿದವರು ಗಣಿತದ ಪ್ರಾಧ್ಯಾಪಕ ಕೇರೋ ಲಕ್ಷ್ಮಣ ಛತ್ರೆ. ಪಾಶ್ಚಾತ್ಯ ಕೋಷ್ಟಕಗಳ ಆಧಾರದಿಂದ ಅವರು 1865ರಿಂದ ಹೊಸ ಪಂಚಾಂಗ ಹೊರಡಿಸಿದರು. ಅದು ಪಟವರ್ಧನಿ ಪಂಚಾಂಗವೆಂದು ಹೆಸರಾಯಿತು. ಚಕ್ರದ ಬಾಯಿಗೆ ಅವರು ಆರಿಸಿದ್ದು ರೇವತಿಯನ್ನು. ಡೆಕ್ಕನ್ ಕಾಲೇಜಿನಲ್ಲಿ ಛತ್ರೆಯವರ ನೆಚ್ಚಿನ ವಿದ್ಯಾರ್ಥಿ ಬಾಲ ಗಂಗಾಧರ ತಿಲಕ. ಗುರುವಿನ ಚುಕ್ಕಿಯನ್ನು ಶಿಷ್ಯ ಬಿಡಲಿಲ್ಲ. ತಿಲಕರಿಗೆ ನಕ್ಷತ್ರಗಳೆಂದರೆ ಬರಿಯ ಲೆಕ್ಕವಾಗಿರಲಿಲ್ಲ. 1893ರ ‘ಒರಾಯನ್’ ಗ್ರಂಥದಲ್ಲಿ ಅವರು ವೇದಕಾಲದ ವಸಂತ ಸಂಪಾತ ಮೃಗಶಿರೆಯಲ್ಲಿತ್ತು, ಆದ್ದರಿಂದ ವೇದಗಳು ಕ್ರಿಸ್ತಪೂರ್ವ 4000ಕ್ಕೂ ಹಿಂದಿನವು ಎಂದು ವಾದಿಸಿದರು. ಅದೇ ಹೊತ್ತಿಗೆ ಬಾನ್ ನಗರದ ಯಾಕೋಬಿ ಬೇರೆ ದಾರಿಯಿಂದ ಹತ್ತಿರದ ತೀರ್ಮಾನಕ್ಕೆ ಬಂದಿದ್ದರು. ವಿಟ್ನಿ, ಥೀಬೋ ಮೊದಲಾದವರು ಒಪ್ಪಲಿಲ್ಲ. ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರೂ ಒಪ್ಪುವುದಿಲ್ಲ. ಆದರೆ ನಕ್ಷತ್ರವೊಂದು ರಾಷ್ಟ್ರಾಭಿಮಾನದ ಮಾತಾದದ್ದು ಅಲ್ಲಿಂದ.

ಈಗ ನರಗುಂದಕ್ಕೆ ಬರೋಣ. ವೆಂಕಟೇಶ ಬಾಪೂಜಿ ಕೇತಕರ್ ಹುಟ್ಟಿದ್ದು 1854ರಲ್ಲಿ. ಆಗ ನರಗುಂದ ಭಾವೆ ಮನೆತನದ ಸಂಸ್ಥಾನ. ಹುಡುಗನಿಗೆ ನಾಲ್ಕು ವರ್ಷವಾದಾಗ, 1858ರ ಮೇ 29ರ ರಾತ್ರಿ, ನರಗುಂದದ ಬಂಡಾಯದಲ್ಲಿ, ಸುರೇಬಾನದಲ್ಲಿ ಇಂಗ್ಲಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ನರಗುಂದದ ಕೋಟೆ ಬಿತ್ತು, ಜೂನ್ 12ರಂದು ದೊರೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸಂಸ್ಥಾನ ಅಳಿದು, ಊರು ಧಾರವಾಡ ಕಲೆಕ್ಟರನ ಕೆಳಗೆ ನವಲಗುಂದ ತಾಲೂಕಿಗೆ ಸೇರಿತು. (ಈಗ ಅದು ಗದಗ ಜಿಲ್ಲೆ; 1997ರ ಮಾತು.) ರೋಹಿಣಿ ಮಳೆಯ ದಿನಗಳಲ್ಲಿ ನಡೆದ ಆ ದುರಂತ ನಮಗೆ ಚೆನ್ನಾಗಿ ನೆನಪಿದೆ, ಹಾಡಿದ್ದೇವೆ, ಆಡಿದ್ದೇವೆ. ಆ ಊರಲ್ಲೇ ಹುಟ್ಟಿದ ಗಣಿತಜ್ಞನನ್ನು ಮಾತ್ರ ಮರೆತೆವು. ಕಾರಣ ಊಹಿಸಬಹುದು: ಅವರು ಬರೆದದ್ದು ಸಂಸ್ಕೃತ, ಮರಾಠಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಅಲ್ಲ. ಮರಾಠಿಯವರು ಅವರನ್ನು ತಮ್ಮವರೆಂದರು, ನಾವು ಸುಮ್ಮನೆ ಒಪ್ಪಿಕೊಂಡೆವು.

ಕೇತಕರ್ ಬಾಳಿನ ಬಹುಭಾಗ ಕಳೆದದ್ದು ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ, ಶಿಕ್ಷಕರಾಗಿ, ಆಮೇಲೆ ಮುಖ್ಯೋಪಾಧ್ಯಾಯರಾಗಿ. ಹತ್ತಿರದಲ್ಲಿ ವೀಕ್ಷಣಾಲಯವಿಲ್ಲ, ಕೂಡಿ ಮಾತಾಡಲು ಗಣಿತಜ್ಞರ ಬಳಗವಿಲ್ಲ. ಯುರೋಪಿನ ಗ್ರಹಕೋಷ್ಟಕಗಳನ್ನು ತರಿಸಿಕೊಂಡು, ಅವುಗಳ ಗಣಿತವನ್ನು ಅರಗಿಸಿಕೊಂಡು, ನಮ್ಮ ಜೋಯಿಸರು ಬಳಸಬಲ್ಲ ಸಂಸ್ಕೃತ ಶ್ಲೋಕ ಮತ್ತು ಕೋಷ್ಟಕಗಳಾಗಿ ಮಾರ್ಪಡಿಸಿದರು. ‘ಜ್ಯೋತಿರ್ಗಣಿತಂ’, ‘ಕೇತಕೀ ಗ್ರಹಗಣಿತಂ’ ಹುಟ್ಟಿದ್ದು ಹೀಗೆ. ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಇದೇ. ಪಾಶ್ಚಾತ್ಯ ಲೆಕ್ಕ ಸರಿ ಎಂದು ಹೇಳುವುದು ಸುಲಭ. ಅದನ್ನು ಗ್ರಹಲಾಘವದ ಪಕ್ಕದಲ್ಲೇ ಇಟ್ಟುಕೊಳ್ಳುವಂಥ ಪುಸ್ತಕವಾಗಿ ಜೋಯಿಸನ ಕೈಗೆ ಕೊಡುವುದು ಬೇರೆ.

ಚಕ್ರದ ಬಾಯಿಯ ವಿಷಯದಲ್ಲಿ ಅವರು ಹಿಡಿದದ್ದು ಚಿತ್ತಾವನ್ನು. ಈ ಪಕ್ಷದ ವಾದ ಯಾರಿಗೂ ತಿಳಿಯುವಂಥದ್ದು. ರೇವತಿಯ ಯೋಗತಾರೆ ಎನ್ನುವ ಚುಕ್ಕಿ ಐದನೇ ಕಾಂತಿಮಾನದ್ದು. ಅಮಾವಾಸ್ಯೆಯ ರಾತ್ರಿ ಕಣ್ಣು ಕಿರಿದು ಮಾಡಿ ಹುಡುಕಬೇಕು. ಪ್ರಾಚೀನರು ಹೇಳಿದ ರೇವತಿ ಇದೇ ಹೌದೋ ಎನ್ನುವುದರಲ್ಲೇ ಅನುಮಾನ. ಚಿತ್ತಾ ಹಾಗಲ್ಲ, ಮೊದಲ ಕಾಂತಿಮಾನದ ಒಂಟಿ ಚುಕ್ಕಿ, ಕ್ರಾಂತಿವೃತ್ತದಿಂದ ಎರಡೇ ಅಂಶ ದಕ್ಷಿಣಕ್ಕೆ. ಸಪ್ತರ್ಷಿಗಳ ಬಾಲದ ಬಾಗನ್ನೇ ಮುಂದಕ್ಕೆಳೆದರೆ ಹೊಂಬಣ್ಣದ ಸ್ವಾತಿ, ಅದನ್ನು ದಾಟಿದರೆ ಬಿಳಿನೀಲಿ ಚಿತ್ತಾ. ಹುಡುಗರೂ ತಪ್ಪುವುದಿಲ್ಲ. ಚೈತ್ರದ ಹುಣ್ಣಿಮೆಯ ಚಂದ್ರ ಬಂದು ನಿಲ್ಲುವುದು ಇದರ ಪಕ್ಕಕ್ಕೆ. ಯುಗಾದಿಯ ತಿಂಗಳಿಗೆ ಹೆಸರೇ ಇದರಿಂದ ಬಂದದ್ದು.

ತಿಲಕ ಪಕ್ಷ ಸುಮ್ಮನಿರಲಿಲ್ಲ. ಚಕ್ರದ ಕೊನೆ ರೇವತಿ ಎಂದು ಶಾಸ್ತ್ರವೇ ಹೇಳಿದ ಮೇಲೆ, ಮಂಕಾದರೇನು, ಅದೇ ಪ್ರಮಾಣ ಎಂದಿತು. ಇನ್ನೊಂದು ಬದಿಯಲ್ಲಿ ಶಂಕರ ಬಾಳಕೃಷ್ಣ ದೀಕ್ಷಿತರು ಚುಕ್ಕಿಯ ಹಂಗೇ ಬೇಡ, ಋತುವಿಗೆ ಹೊಂದುವ ಸಾಯನ ಲೆಕ್ಕವೇ ಇರಲಿ ಎಂದರು. ‘ಭಾರತೀಯ ಜ್ಯೋತಿಷಶಾಸ್ತ್ರ’ ಬರೆದ ಅವರ ಮಾತಿಗೆ ತೂಕವಿತ್ತು, ಹಿಂಬಾಲಕರಿರಲಿಲ್ಲ. 1898ರಲ್ಲಿ ಅವರು ತೀರಿಕೊಂಡರು. ಹಳೆಯ ಗ್ರಹಲಾಘವದವರು ಇವರೆಲ್ಲರನ್ನೂ ಮ್ಲೇಚ್ಛ ಲೆಕ್ಕದವರೆಂದು ಬೈಯುತ್ತ ಕೂತರು. 1904ರಲ್ಲಿ ಮುಂಬೈಯಲ್ಲಿ, ಆಮೇಲೆ ಪುಣೆ, ಸಾಂಗಲಿಗಳಲ್ಲಿ ಪಂಚಾಂಗ ಸಮ್ಮೇಳನಗಳು ನಡೆದವು. ಕಣ್ಣಿಗೆ ಕಾಣುವ ಆಕಾಶಕ್ಕೆ ಲೆಕ್ಕ ಹೊಂದಬೇಕು ಎನ್ನುವುದು ಒಪ್ಪಿಗೆಯಾಯಿತು. ಚುಕ್ಕಿ ಯಾವುದು ಎನ್ನುವ ಜಗಳ ಮಾತ್ರ ಮುಗಿಯಲಿಲ್ಲ.

ನಾಲ್ಕು ದಿನದ್ದೇನು ಮಹಾ ಎನ್ನಬೇಡಿ. ರೇವತಿ ಹಿಡಿದ ತಿಲಕ ಪಂಚಾಂಗದವರ ಮಕರ ಸಂಕ್ರಾಂತಿ ಜನವರಿ 10ಕ್ಕೆ. ಮಿಕ್ಕವರದು 14ಕ್ಕೆ, 15ಕ್ಕೆ. ಸೂರ್ಯ ಸಂಕ್ರಮಣ ಸರಿದರೆ ಅಧಿಕ ಮಾಸವೂ ಕೆಲವು ವರ್ಷ ಸರಿಯುತ್ತದೆ. ಅಂಥ ವರ್ಷ ಒಂದೇ ಓಣಿಯಲ್ಲಿ ಒಬ್ಬರ ದೀಪಾವಳಿಗೂ ಇನ್ನೊಬ್ಬರದಕ್ಕೂ ತಿಂಗಳ ಅಂತರ. ಮಳೆ ನಕ್ಷತ್ರಗಳೂ ಜರುಗುತ್ತವೆ. ಚಿತ್ತಾ ಪಕ್ಷದಲ್ಲಿ ಅಕ್ಟೋಬರ್ 10-11ಕ್ಕೆ ಕೂಡುವ ಚಿತ್ತಿ, ರೇವತಿ ಪಕ್ಷದಲ್ಲಿ 6-7ಕ್ಕೇ ಕೂಡುತ್ತದೆ. ಕಲಘಟಗಿಯ ಕಡೆ ರೋಹಿಣಿ ನೋಡಿ ಕೂರಿಗೆಯಲ್ಲಿ ಒಣಬತ್ತ ಬಿತ್ತುವವನಿಗೂ ಇದೇ ಗೊಂದಲ. ಅವನು ಮಾತ್ರ ಅಷ್ಟೇನೂ ತಲೆ ಕೆಡಿಸಿಕೊಳ್ಳದೆ, ಪಂಚಾಂಗಕ್ಕಿಂತ ಮಣ್ಣಿನ ಹದವನ್ನೇ ಹೆಚ್ಚು ನಂಬಿದ.

ಕೇತಕರರ ಕಥೆಯಲ್ಲಿ ಇನ್ನೊಂದು ವಿಚಿತ್ರವುಂಟು. 1911ರಲ್ಲಿ ಅವರು ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ನೆಪ್ಚೂನಿನಾಚೆ ಎರಡು ಗ್ರಹಗಳಿರಬೇಕೆಂದು ಬರೆದರು. ಗುರುವಿನ ಉಪಗ್ರಹಗಳ ಸುತ್ತುಗಳಲ್ಲಿ ಲಾಪ್ಲಾಸ್ ಕಂಡ ತಾಳವೇ ಅವರಿಗೆ ಆಧಾರ. ಗ್ರಹಗಳಿಗೆ ಬ್ರಹ್ಮಾ, ವಿಷ್ಣು ಎಂದು ಹೆಸರನ್ನೂ ಇಟ್ಟರು. ಬ್ರಹ್ಮನ ದೂರ ಭೂಮಿ-ಸೂರ್ಯರ ಅಂತರದ 38.95 ಪಟ್ಟು, ಒಂದು ಸುತ್ತಿಗೆ 242.28 ವರ್ಷ ಎಂದು ಅವರ ಲೆಕ್ಕ. 1930ರ ಫೆಬ್ರವರಿಯಲ್ಲಿ ಸಿಕ್ಕ ಪ್ಲೂಟೋದ ದೂರ ಸುಮಾರು 39.5, ಸುತ್ತು 248 ವರ್ಷ. ಇದನ್ನು ಭವಿಷ್ಯವಾಣಿ ಎಂದು ಎತ್ತಿ ಹಿಡಿಯುವವರಿದ್ದಾರೆ. ನನಗೆ ಅದು ಕಾಕತಾಳೀಯವೆಂದೇ ತೋರುತ್ತದೆ; ವಿಷ್ಣುವಂತೂ ಸಿಗಲಿಲ್ಲ. ಆದರೆ ಬಾಗಲಕೋಟೆಯ ಮಾಸ್ತರರೊಬ್ಬರು ಪ್ಯಾರಿಸ್ಸಿನ ಪತ್ರಿಕೆಗೆ ಗ್ರಹದ ಲೆಕ್ಕ ಕಳಿಸಿದರೆನ್ನುವುದು ಕಾಕತಾಳೀಯವಲ್ಲ. ಪ್ಲೂಟೋ ಸಿಕ್ಕ ವರ್ಷವೇ ಕೇತಕರ್ ತೀರಿಕೊಂಡರು. ತಿಲಕರು ಹೋಗಿ ಆಗಲೇ ಹತ್ತು ವರ್ಷವಾಗಿತ್ತು.

ತೀರ್ಪು ಬಂದದ್ದು ಸ್ವಾತಂತ್ರ್ಯದ ಮೇಲೆ. 1952ರ ನವೆಂಬರಿನಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಕೂತಿತು. ಆಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಚಾಲ್ತಿಯಲ್ಲಿದ್ದವು. ಸಮಿತಿಯಲ್ಲಿ ತಿಲಕರ ‘ಕೇಸರಿ’ ಪತ್ರಿಕೆಯ ಮಾಜಿ ಸಂಪಾದಕ ಜ.ಸ. ಕರಂದೀಕರರೂ ಇದ್ದರು, ಲೆಕ್ಕದ ಭಾರ ಹೊತ್ತವರು ಕಾರ್ಯದರ್ಶಿ ನಿರ್ಮಲಚಂದ್ರ ಲಾಹಿರಿ. 1955ರ ವರದಿ 1956ರ ಮಾರ್ಚ್ 21ರ ಅಯನಾಂಶ (ಸಂಪಾತ ಬಿಂದುವಿಗೂ ಚಕ್ರದ ಬಾಯಿಗೂ ಇರುವ ಅಂತರ) 23 ಅಂಶ 15 ಕಲೆ ಎಂದು ನಿಗದಿ ಮಾಡಿತು. ಆ ಅಂಕಿ ಬಿಡಿಸಿ ನೋಡಿದರೆ ಒಳಗೆ ಇರುವುದು ಚಿತ್ತಾ: ಚುಕ್ಕಿ ಸರಿಸುಮಾರು 180ನೇ ಅಂಶದಲ್ಲಿ ಕೂರುತ್ತದೆ. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಇವತ್ತು ಜನ ಅದನ್ನು ಲಾಹಿರಿ ಅಯನಾಂಶ ಎನ್ನುತ್ತಾರೆ. ಕೇತಕರರ ಹೆಸರು ಕೆಲವು ಪಂಚಾಂಗಗಳ ಮುಖಪುಟದಲ್ಲಿ ‘ಕೇತಕೀ’ ಎಂಬ ಹೂವಿನ ರೂಪದಲ್ಲಿ ಉಳಿದಿದೆ.

ಸಹಾ ಅವರಿಗೆ ನಿಜಕ್ಕೂ ಬೇಕಿದ್ದದ್ದು ಬೇರೆ. ಅವರ ಮನಸ್ಸು ಋತುವಿನ ಕಡೆಗಿತ್ತು. ಚುಕ್ಕಿಯನ್ನು ನಂಬಿದ್ದರಿಂದ ನಮ್ಮ ಹಬ್ಬಗಳು ಋತುವಿನಿಂದ 23 ದಿನ ಜಾರಿವೆ ಎಂದು ವರದಿ ಮರುಗಿತು. ಮಳೆ ನಕ್ಷತ್ರಗಳೂ ಹಾಗೇ. ಚಿತ್ತಾ ಶರತ್ ಸಂಪಾತದಲ್ಲೇ ಇದ್ದ ಮೂರನೇ ಶತಮಾನದ ಕೊನೆಯಲ್ಲಿ ಚಿತ್ತಿ ಮಳೆ ಬೀಳುತ್ತಿದ್ದದ್ದು ಈಗಿನ ಸೆಪ್ಟೆಂಬರ್ ಉತ್ತರಾರ್ಧಕ್ಕೆ ಸಮನಾದ ದಿನಗಳಲ್ಲಿ. ‘ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ’ ಎನ್ನುವ ಗಾದೆ ಆಗ ಇದ್ದಿದ್ದರೆ ಅದರಲ್ಲಿ ರೋಹಿಣಿಯ ಜಾಗಕ್ಕೆ ಇನ್ನೊಂದೇ ಚುಕ್ಕಿ ಇರುತ್ತಿತ್ತು, ಪ್ರಾಸವೂ ಕೆಡುತ್ತಿತ್ತು. ಮಳೆ ತನ್ನ ಹೊತ್ತಿಗೆ ಬರುತ್ತ ಹೋಯಿತು. ಅದರ ಮೇಲಿನ ಹೆಸರಿನ ಚೀಟಿಗಳನ್ನು ಆಕಾಶ ನಿಧಾನವಾಗಿ ಬದಲಿಸುತ್ತ ಬಂತು.

ಕುಂದಗೋಳದ ಅಂಗಡಿಗಳಲ್ಲಿ ಯುಗಾದಿಗೆ ಸಿಗುವ ಪಂಚಾಂಗದಲ್ಲಿ ಈಗಲೂ ಮಳೆ ನಕ್ಷತ್ರದ ಪುಟವೇ ಮೊದಲು ಮಡಚಿ ಹೋಗುವುದು. ಯಾವ ಮಳೆ ಯಾವ ತಾರೀಖಿಗೆ, ಅದರ ವಾಹನ ಕಪ್ಪೆಯೋ ನರಿಯೋ ಆನೆಯೋ ಎಂದೆಲ್ಲ ಅದರಲ್ಲಿರುತ್ತದೆ. ಕಪ್ಪೆಯೆಂದರೆ ಮುಖ ಅರಳುತ್ತದೆ. ಅಯನಾಂಶ ಎಷ್ಟೆಂದು ಯಾರೂ ಕೇಳುವುದಿಲ್ಲ.

ನವೆಂಬರ್ ನಡುವಿಗೆ ಚಿತ್ತಿ ಮುಗಿದು, ಸ್ವಾತಿಯೂ ಮುಗಿದು, ಬಿತ್ತಿದ ಜೋಳ ಮೊಣಕಾಲೆತ್ತರ ಬಂದಿರುತ್ತದೆ. ಸೂರ್ಯ ಮುಂದೆ ಹೋದದ್ದರಿಂದ ಚಿತ್ತಾ ಚುಕ್ಕಿ ಮತ್ತೆ ಕಾಣತೊಡಗುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಪೂರ್ವದಲ್ಲಿ, ತೆನೆಯಿನ್ನೂ ಒಡೆಯದ ಜೋಳದ ಮೇಲೆ, ನೀಲಿ ಕೊರೆವ ಬೆಳಕಿನಲ್ಲಿ. ಆ ಹೊತ್ತಿಗೆ ಎತ್ತಿಗೆ ಮೇವು ಹಾಕಲು ಎದ್ದವರಿಗೆ ತೋರಿಸಿ ಅದು ಯಾವುದೆಂದು ಕೇಳಿದರೆ ‘ಯಾವದೋ ಚುಕ್ಕಿ ಅದರೀ’ ಎನ್ನುತ್ತಾರೆ. ತಿಂಗಳ ಹಿಂದೆ ದಿನಕ್ಕೆ ಹತ್ತು ಸಲ ಅದರ ಹೆಸರು ಹೇಳಿದವರೇ ಅವರು.